ಸ್ಟೇಟ್ ಯೂನಿವರ್ಸಿಟಿ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಲ್ಲಿ ಪಿಎಚ್‌ಡಿ: ಸೇರೋ ಮುಂಚೆ ಇದನ್ನ ಓದಿ

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ. ಕಲಿಸೋದಕ್ಕೆ 5ಕ್ಕೆ 4.5, ಸೌಕರ್ಯಕ್ಕೆ 2. ಯೂನಿವರ್ಸಿಟಿ ಹೆಸರು ಹಾಕಲ್ಲ, ನನಗೆ ಕೈ ಹಿಡಿದು ಕಲಿಸಿದವರು ಇನ್ನೂ ಅಲ್ಲೇ ಇದಾರೆ. ಎಂಎಸ್ಸಿ ಆರ್ಗ್ಯಾನಿಕ್ ಅಲ್ಲೇ ಮಾಡಿದ್ದು, ಆಮೇಲೆ 2018ರಲ್ಲಿ ಪಿಎಚ್‌ಡಿಗೆ ರಿಜಿಸ್ಟರ್ ಆಗಿ 2024ರಲ್ಲಿ ಥೀಸಿಸ್ ಸಬ್ಮಿಟ್ ಮಾಡ್ದೆ. ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್ ಬಗ್ಗೆ ಯಾರನ್ನ ಕೇಳಿದ್ರೂ ಹೇಳ್ತಾರೆ, ಆದ್ರೆ ತಾಲೂಕು ಕಾಲೇಜಲ್ಲಿ ಪಿಸಿಎಂ ಓದ್ಕೊಂಡು ಬರೋ ನಮ್ಮಂಥವರು ಹೆಚ್ಚಾಗಿ ಸೇರೋದು ಸ್ಟೇಟ್ ಯೂನಿವರ್ಸಿಟಿಗೇ, ಅದರ ಬಗ್ಗೆ ಸರಿಯಾಗಿ ಹೇಳೋರು ಸಿಗಲ್ಲ, ಅದಕ್ಕೇ ಬರೀತಿದೀನಿ.

ಮೊದ್ಲು ಒಳ್ಳೇದು. ಕೈ ಪಳಗತ್ತೆ, ಇದ್ರಲ್ಲಿ ಎರಡು ಮಾತಿಲ್ಲ. ದುಡ್ಡು ಕಮ್ಮಿ ಇರೋ ಲ್ಯಾಬಲ್ಲಿ ರೆಡಿಮೇಡ್ ಡ್ರೈ ಸಾಲ್ವೆಂಟ್ (ನೀರಿನಂಶ ತೆಗೆದ ದ್ರಾವಕ) ಬಾಟ್ಲಿ ತರಿಸೋಕೆ ಆಗಲ್ಲ, ಟಿಎಚ್‌ಎಫ್ ಅನ್ನೋ ಸಾಲ್ವೆಂಟ್ ಬೇಕಂದ್ರೆ ಸೋಡಿಯಂ ಕತ್ತರಿಸಿ ಬೆಂಜೋಫಿನೋನ್ ಹಾಕಿ ರಿಫ್ಲಕ್ಸ್ ಮಾಡ್ಕೊಂಡು (ಆವಿ ತಣ್ಣಗಾಗಿ ವಾಪಸ್ ಬೀಳೋ ಹಾಗೆ ಕುದಿಸ್ಕೊಂಡು) ಫ್ಲಾಸ್ಕ್ ಒಳಗೆ ಗಾಢ ನೀಲಿ ಬಣ್ಣ ನಿಲ್ಲೋವರೆಗೂ ಕಾಯ್ಬೇಕು, ಆ ನೀಲಿ ಬಂದು ನಿಂತ್ರೆ ನೀರು, ಆಕ್ಸಿಜನ್ ಎರಡೂ ಹೋಗಿದೆ ಅಂತ ಅರ್ಥ, ಆಮೇಲೇ ಡಿಸ್ಟಿಲ್ ಮಾಡೋದು. ಕಾಲಮ್ (ಮಿಶ್ರಣದಿಂದ ಕಾಂಪೌಂಡ್‌ಗಳನ್ನ ಬೇರೆ ಮಾಡೋ ಗಾಜಿನ ಕೊಳವೆ) ಹಾಕೋದೂ ಹಾಗೇ. 100-200 ಮೆಶ್ ಸಿಲಿಕಾ ಪುಡೀನ ಹೆಕ್ಸೇನಲ್ಲಿ ಕದಡಿ ಒಂದೇ ಸಮ ಸುರೀಬೇಕು, ಹೊರಗಿಂದ ರಬ್ಬರ್ ಟ್ಯೂಬಲ್ಲಿ ಮೆಲ್ಲಗೆ ತಟ್ಟಬೇಕು, ಒಂದು ಗಾಳಿಗುಳ್ಳೆ ಉಳ್ಕೊಂಡ್ರೂ ಬ್ಯಾಂಡ್ ಓರೆಯಾಗಿ ಇಳಿದು ಎರಡು ಕಾಂಪೌಂಡ್ ಕಲಸಿಹೋಗತ್ತೆ. ನಮ್ಮ ಸೀನಿಯರ್ ಒಬ್ರು ನನ್ನ ಮೊದಲ ನಾಕು ಕಾಲಮ್ಮನ್ನ ನೋಡಿ ಏನೂ ಬೈಯದೆ "ಖಾಲಿ ಮಾಡಿ ಮತ್ತೆ ಹಾಕು" ಅಂದಿದ್ರು, ಐದನೇದು ಸರಿ ಬಂತು, ಆವತ್ತಿಂದ ಇವತ್ತಿನವರೆಗೂ ನನ್ನ ಕಾಲಮ್ ಕೆಟ್ಟಿಲ್ಲ. ಈಗ ನಾನು ಬೊಮ್ಮಸಂದ್ರ ಕಡೆ ಒಂದು ಕಂಪನಿಲಿ ಸಿಂಥೆಸಿಸ್ ಕೆಲ್ಸ ಮಾಡ್ತಿರೋದು, ಇಂಟರ್ವ್ಯೂಲಿ ಕೇಳಿದ್ದೆಲ್ಲಾ ಇಂಥದ್ದೇ.

ಇನ್ನು ಬೇಜಾರಿನ ವಿಷ್ಯ, ಕಾಯೋದು. ರಿಯಾಕ್ಷನ್ ಹಾಕೋದು ಒಂದು ದಿನ, ಪ್ಯೂರಿಫೈ ಮಾಡೋದು ಎರಡು ದಿನ, ಆದ್ರೆ ನಾವು ಮಾಡಿದ್ದು ನಿಜವಾಗಲೂ ಅದೇನಾ ಅಂತ ತಿಳ್ಕೊಳ್ಳೋಕೆ ಎನ್‌ಎಂಆರ್ (ದೊಡ್ಡ ಮ್ಯಾಗ್ನೆಟ್ ಒಳಗೆ ಇಟ್ಟು ಮಾಲಿಕ್ಯೂಲಿನ ರಚನೆ ಓದೋ ಟೆಸ್ಟ್) ಬೇಕಲ್ಲ, ಅದಕ್ಕೆ ವಾರಗಟ್ಲೆ. ಕ್ಯಾಂಪಸಲ್ಲಿ 400 ಮೆಗಾಹರ್ಟ್ಸ್ ಮೆಷಿನ್ ಇತ್ತು. ಇತ್ತು ಅಷ್ಟೇ. ಅದರ ಮ್ಯಾಗ್ನೆಟ್ ಸೂಪರ್‌ಕಂಡಕ್ಟಿಂಗ್, ಸುಮಾರು 4 ಕೆಲ್ವಿನ್‌ನಲ್ಲಿ ಲಿಕ್ವಿಡ್ ಹೀಲಿಯಂ ಒಳಗೆ ಮುಳುಗೇ ಇರಬೇಕು, ಸುತ್ತ ಲಿಕ್ವಿಡ್ ನೈಟ್ರೋಜನ್, ಟೈಮಿಗೆ ಸರಿಯಾಗಿ ತುಂಬಿಸ್ತಾ ಇರಬೇಕು. ಹೀಲಿಯಂ ಹೊರದೇಶದಿಂದ ಬರೋದು, ರೇಟು ಜಾಸ್ತಿ, ನಮ್ಮಲ್ಲಿ ಫೈಲ್ ಒಂದು ಟೇಬಲಿಂದ ಇನ್ನೊಂದು ಟೇಬಲಿಗೆ ಹೋಗೋಷ್ಟರಲ್ಲಿ ಮೆಷಿನ್ ನಿಂತೇ ಹೋಯ್ತು, ನಾನು ಇದ್ದಷ್ಟು ಕಾಲದಲ್ಲಿ ಅದು ಸರಿಯಾಗಿ ಓಡಿದ್ದು ಒಂದೂವರೆ ವರ್ಷ ಮಾತ್ರ. ಕೋಟಿ ಬೆಲೆಯ ಮೆಷಿನ್ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ರೆ ಹೊಟ್ಟೆ ಉರಿಯತ್ತೆ ರೀ.

ಹಾಗಾಗಿ ಸ್ಯಾಂಪಲ್ ಹೊರಗೆ ಕಳಿಸೋದು. ಐಐಎಸ್‌ಸಿಯ ಎನ್‌ಎಂಆರ್ ಸೆಂಟರ್, ಚೆನ್ನೈ ಐಐಟಿಯ ಸೈಫ್ ಅನ್ನೋ ಉಪಕರಣ ಕೇಂದ್ರ ಎರಡೂ ಕಡೆ ಹೊರಗಿನವರ ಸ್ಯಾಂಪಲ್ ಚಾರ್ಜ್ ತಗೊಂಡು ರನ್ ಮಾಡಿಕೊಡ್ತಾರೆ, ಕ್ರಿಸ್ಟಲ್ ಸ್ಟ್ರಕ್ಚರ್ ಬೇಕಂದ್ರೆ ಕೊಚ್ಚಿಯ ಸ್ಟಿಕ್ ಅನ್ನೋ ಟೆಸ್ಟಿಂಗ್ ಕೇಂದ್ರ ಇದೆ, ಇವೆಲ್ಲಾ ಇರೋದ್ರಿಂದ್ಲೇ ನಮ್ಮಂಥೋರ ಥೀಸಿಸ್ ಮುಗಿಯೋದು. ಆದ್ರೆ ನಮ್ಮ ಕಡೆಯಿಂದ ಲೆಟರ್, ಸೈನ್, ಡಿಡಿ ಅಂತ ಹೊರಡೋಷ್ಟರಲ್ಲೇ ತಿಂಗಳು ಕಳೀತಿತ್ತು. ಒಂದ್ಸಲ ಏನಾಯ್ತು ಅಂದ್ರೆ, ಚಾಲ್ಕೋನ್ ಅನ್ನೋ ಜಾತಿಯ ಒಂದು ಕಾಂಪೌಂಡ್ ಮಾಡಿದ್ದೆ, ಚೆಂದದ ಹಳದಿ ಹರಳು, ಟಿಎಲ್‌ಸಿಲಿ (ಶುದ್ಧವಾಗಿದೆಯಾ ಅಂತ ನೋಡೋ ಪ್ಲೇಟ್ ಟೆಸ್ಟ್) ಒಂದೇ ಸ್ಪಾಟ್, ಕಳಿಸಿ ಆರು ವಾರ ಕಾದೆ. ಸ್ಪೆಕ್ಟ್ರಮ್ ಬಂದಾಗ ನೋಡ್ತೀನಿ, 7.8 ಪಿಪಿಎಂ ಹತ್ರ ಡಬ್ಲೆಟ್ (ಎರಡಾಗಿ ಸೀಳಿದ ಪೀಕ್) ಇದೆ, ಜೆ ವ್ಯಾಲ್ಯೂ (ಸೀಳಿನ ಅಂತರ) 15.6 ಹರ್ಟ್ಸ್, ಅಂದ್ರೆ ನನಗೆ ಬೇಕಿದ್ದ ಟ್ರಾನ್ಸ್ ಡಬಲ್ ಬಾಂಡ್ ಪಕ್ಕಾ, ಆದ್ರೆ ಜೊತೆಗೇ 4.12ರಲ್ಲಿ ಕ್ವಾರ್ಟೆಟ್, 2.05ರಲ್ಲಿ ಸಿಂಗ್ಲೆಟ್, 1.26ರಲ್ಲಿ ಟ್ರಿಪ್ಲೆಟ್. ಈಥೈಲ್ ಅಸಿಟೇಟ್! ಕಾಲಮ್ಮಿಗೆ ಹಾಕಿದ ಸಾಲ್ವೆಂಟು ಪೂರ್ತಿ ಹೋಗಿರಲಿಲ್ಲ. ಗೈಡ್ ಪೆನ್ಸಿಲ್ ತಗೊಂಡು ಆ ಮೂರೂ ಪೀಕಿಗೆ ಸುತ್ತು ಹಾಕಿ, "ರಾತ್ರಿ ಪಂಪಿಗೆ ಹಾಕಿ ಒಣಗಿಸು, ಮತ್ತೆ ಕಳಿಸು" ಅಂದ್ರು. ಒಂದು ರಾತ್ರಿ ವ್ಯಾಕ್ಯೂಮಲ್ಲಿ ಸರಿಹೋಗೋ ತಪ್ಪಿಗೆ ಮತ್ತೆ ಆರು ವಾರ. ಮೆಷಿನ್ ಕೈಗೆಟುಕೋ ಲ್ಯಾಬಲ್ಲಿ ಇದು ಆವತ್ತು ಸಂಜೆಯೊಳಗೇ ಗೊತ್ತಾಗ್ತಿತ್ತು. ಇಂಥ ಆರಾರು ವಾರಗಳನ್ನ ಕೂಡಿಸಿ ನೋಡಿ, ನನ್ನ ಪಿಎಚ್‌ಡಿಲಿ ಒಂದೂವರೆ ವರ್ಷ ಹೀಗೇ ಹೋಗಿದೆ, ಬುದ್ಧಿ ಕಮ್ಮಿ ಇದ್ದಿದ್ದಕ್ಕಲ್ಲ, ಮೈಗಳ್ಳತನಕ್ಕೂ ಅಲ್ಲ.

ದುಡ್ಡು. ಮೊದಲ ಒಂದೂವರೆ ವರ್ಷ ನನಗೆ ಫೆಲೋಶಿಪ್ ಇರಲಿಲ್ಲ, ವಾರಕ್ಕೆ ಎರಡು ದಿನ ಒಂದು ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಕ್ಲಾಸ್ ತಗೋತಿದ್ದೆ. 2019ರ ಡಿಸೆಂಬರ್ ನೆಟ್ ಪರೀಕ್ಷೆಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಆಯ್ತು, ಆಗ ತಿಂಗಳಿಗೆ 31,000 ಇತ್ತು, 2023ರ ಜನವರಿಯಿಂದ ಜೆಆರ್‌ಎಫ್ 37,000, ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್) 42,000 ಆಗಿದೆ. ಆದ್ರೆ ನಮ್ಮ ಆಫೀಸಲ್ಲಿ ಬಿಲ್ಲು ಕೂತ್ರೆ ನಾಕೈದು ತಿಂಗಳು ಕೈಗೆ ಕಾಸು ಬರ್ತಿರಲಿಲ್ಲ, ಮೆಸ್ಸಲ್ಲಿ ಸಾಲ ಹೇಳಿ ಊಟ ಮಾಡಿದೀನಿ. ನೆಟ್ ಇಲ್ದೆ ಸೇರೋ ಹಾಗಿದ್ರೆ ಮನೇಲಿ ಒಂದು ಮಾತು ಮೊದ್ಲೇ ಆಡ್ಕೊಳ್ಳಿ.

ಲೈಬ್ರರಿ ನಮ್ಮ ಕಾಲಕ್ಕಿಂತ ಈಗ ಎಷ್ಟೋ ವಾಸಿ. ಒಂದು ಪೇಪರ್ ಬೇಕಂದ್ರೆ ಬೆಂಗಳೂರಲ್ಲಿರೋ ಫ್ರೆಂಡಿಗೆ ಮೆಸೇಜ್ ಮಾಡಿ ಬೇಡ್ಕೊಳ್ಳೋದಿತ್ತು, 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅನ್ನೋ ಕೇಂದ್ರ ಸರ್ಕಾರದ ಯೋಜನೆ ಬಂದ್ಮೇಲೆ 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್ ಸರ್ಕಾರಿ ಯೂನಿವರ್ಸಿಟಿಗಳಿಗೂ ಸಿಗ್ತಿದೆ. ನನ್ನ ಜೂನಿಯರ್ಸ್ ಈಗ ಹಾಸ್ಟೆಲ್ಲಲ್ಲೇ ಕೂತು ಓದ್ತಾರೆ ಅಂತ ಕೇಳಿ ತುಂಬಾ ಖುಷಿಯಾಯ್ತು.

ಪೇಪರ್ ಪಬ್ಲಿಷ್ ಮಾಡೋದು ನಮಗೆ ಕಡ್ಡಾಯ ಇತ್ತು, 2022ರ ಯುಜಿಸಿ ನಿಯಮದಲ್ಲಿ ಆ ಕಡ್ಡಾಯ ಇಲ್ಲ, ಆದ್ರೂ ನಿಮ್ಮ ಯೂನಿವರ್ಸಿಟಿ ರೂಲ್ ಏನಿದೆ ಅಂತ ಕೇಳ್ಕೊಳ್ಳಿ. ಟೈಮು ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6.

ಸೇರ್ಬೇಕಾ ಬೇಡ್ವಾ ಅಂತ ಕೇಳಿದ್ರೆ, ಸೇರಿ, ಆದ್ರೆ ಡಿಪಾರ್ಟ್‌ಮೆಂಟ್ ಹೆಸರು ನೋಡಿ ಅಲ್ಲ, ಲ್ಯಾಬ್ ನೋಡಿ ಸೇರಿ. ಒಂದೇ ಕಾರಿಡಾರಲ್ಲಿ ಎದುರುಬದರು ಇರೋ ಎರಡು ಲ್ಯಾಬಿಗೂ ಅಜಗಜಾಂತರ ಇರತ್ತೆ. ಶೋಧಗಂಗಾ ವೆಬ್‌ಸೈಟಲ್ಲಿ ನೀವು ಸೇರ್ಬೇಕು ಅಂತಿರೋ ಗೈಡ್ ಹತ್ರ ಮಾಡಿದವರ ಥೀಸಿಸ್‌ಗಳು ಫ್ರೀಯಾಗಿ ಸಿಗತ್ತೆ, ಎರಡು ಮೂರು ಇಳಿಸ್ಕೊಂಡು ಕೊನೇಲಿರೋ ಸ್ಪೆಕ್ಟ್ರಾ ನೋಡಿ, ಅವು ಎಲ್ಲಿ ರನ್ ಆಗಿದೆ, ಎಲ್ಲಾ ಕಾಂಪೌಂಡಿಗೂ ಕಾರ್ಬನ್ ಎನ್‌ಎಂಆರ್ ಇದೆಯಾ, ಬೇಸ್‌ಲೈನ್ ಕ್ಲೀನ್ ಇದೆಯಾ, ಅಕ್ನಾಲೆಜ್‌ಮೆಂಟಲ್ಲಿ ಯಾರ್ಯಾರಿಗೆ ಥ್ಯಾಂಕ್ಸ್ ಹೇಳಿದಾರೆ ನೋಡಿ, ಆ ಲ್ಯಾಬಿಗೆ ಹೊರಗಿನ ಸಂಪರ್ಕ ಎಷ್ಟಿದೆ ಅಂತ ಅಲ್ಲೇ ತಿಳಿಯತ್ತೆ. ಆಮೇಲೆ ಒಂದು ವಾರದ ದಿನ ಮಧ್ಯಾಹ್ನ ಹೋಗಿ, ಗೈಡ್ ಇಲ್ದಿರೋ ಹೊತ್ತಲ್ಲಿ ಸ್ಕಾಲರ್ಸ್ ಹತ್ರ ಕೂತು ಟೀ ಕುಡೀರಿ, ಕೊನೇ ಸ್ಯಾಂಪಲ್ ಯಾವಾಗ ಕಳಿಸಿದ್ರಿ, ಯಾವಾಗ ಬಂತು ಅಂತ ಕೇಳಿ. ಹೊರಡೋ ಮುಂಚೆ ಫ್ಯೂಮ್ ಹುಡ್ (ಕೆಮಿಕಲ್ ಹೊಗೆ ಹೊರಕ್ಕೆ ಎಳೆಯೋ ಗಾಜಿನ ಗೂಡು) ಆನ್ ಮಾಡೋಕೆ ಹೇಳಿ ಗಾಜಿನ ಅಂಚಿಗೆ ಒಂದು ಟಿಶ್ಯೂ ಪೇಪರ್ ತುಂಡು ಹಿಡೀರಿ. ಪೇಪರ್ ಒಳಕ್ಕೆ ವಾಲಿದ್ರೆ ಹುಡ್ ಎಳೀತಿದೆ. ನಮ್ಮ ಲ್ಯಾಬಿನದು ಅಲ್ಲಾಡ್ತಾನೂ ಇರಲಿಲ್ಲ, ಪಿರಿಡಿನ್ ವಾಸನೆ ರಾತ್ರಿ ರೂಮಿಗೆ ಹೋಗಿ ಸ್ನಾನ ಮಾಡಿದ್ರೂ ಕೂದಲಲ್ಲಿ ಇರ್ತಿತ್ತು.