ಮನೆ ಬಾಗಿಲಿಗೆ ಬರುವ ಅಗ್ಗದ ಕೊಬ್ಬರಿ ಎಣ್ಣೆ ತಗೊಳ್ಳಬೇಡಿ

ಕಳೆದ ಡಿಸೆಂಬರಿನಲ್ಲಿ ಶಿರಸಿಯ ನಮ್ಮ ಮನೆ ಬಾಗಿಲಿಗೆ ಒಂದು ಗಾಡಿ ಬಂತು. ‘ಕುಮಟಾ ಕಡೆಯ ಗಾಣದ ಎಣ್ಣೆ, ಲೀಟರಿಗೆ 250 ರೂಪಾಯಿ’ ಅಂದರು. ಪೇಟೆಯಲ್ಲಿ 400ರ ಮೇಲೆ ಇತ್ತು. 2025ರಲ್ಲಿ ಕೊಬ್ಬರಿ ಎಣ್ಣೆ ಹೇಗೆ ಏರಿತು ಅಂತ ನಿಮಗೂ ಗೊತ್ತು. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಒಗ್ಗರಣೆಗೂ ತಲೆಗೂ ಅದೇ ಎಣ್ಣೆ ಬಳಸುವ ಮನೆ ನಮ್ಮದು. ಐದು ಲೀಟರಿನ ಕ್ಯಾನ್ ತಗೊಂಡೆ, 1250 ರೂಪಾಯಿ ಕೊಟ್ಟೆ. ಬಿಲ್ ಕೇಳಲಿಲ್ಲ.

ಮೊದಲು ಅನುಮಾನ ಬಂದದ್ದು ಅತ್ತೆಗೆ. ಹಲಸಿನ ಹಪ್ಪಳ ಕರಿಯುವಾಗ ಘಮವೇ ಇಲ್ಲ ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಒಳ್ಳೆ ಚಳಿ ಬಿತ್ತು. ಬಚ್ಚಲಲ್ಲಿದ್ದ ಹಳೆಯ ಬಾಟಲಿಯ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮೂರ ಚಳಿಗೆ ಅದು ಸಾಕು. ಆದರೆ ಕ್ಯಾನಿನ ತಳದಲ್ಲಿ ಸ್ವಲ್ಪ ಬಿಳಿ ಕೂತಿತ್ತು ಅಷ್ಟೇ, ಮೇಲೆಲ್ಲ ಹಳದಿ ಎಣ್ಣೆ ನೀರಾಗಿಯೇ ಇತ್ತು. ಬೇರೆ ಎಣ್ಣೆ ಬೆರೆಸಿದ್ದಾರೆ ಅಂತ ಆಗ ಗೊತ್ತಾಯಿತು. ಅದನ್ನು ಮಗಳ ತಲೆಗೆ ಹಚ್ಚಿದ್ದೆ, ಅಡುಗೆಗೂ ಹಾಕಿದ್ದೆ. ಹೊಟ್ಟೆ ಉರಿದುಹೋಯಿತು.

ತೂಕಕ್ಕೆ ಇಟ್ಟೆ. ಐದು ಲೀಟರ್ ಎಣ್ಣೆ ಸುಮಾರು 4.6 ಕೆಜಿ ತೂಗಬೇಕು. ಬಳಸಿದ್ದು ಅರ್ಧ ಲೀಟರೂ ಇಲ್ಲ, ಆದರೂ ಕ್ಯಾನ್ ಸೇರಿ ನಾಲ್ಕು ಕೆಜಿ ಮುಟ್ಟಲಿಲ್ಲ. ಅಳತೆಯಲ್ಲೂ ಮೋಸ. ಅವರು ಕೊಟ್ಟ ನಂಬರ್ ಸ್ವಿಚ್ ಆಫ್.

ಲೆಕ್ಕ ಕೊಳ್ಳುವ ಮೊದಲೇ ಹಾಕಬೇಕಿತ್ತು. ಒಂದು ಲೀಟರ್ ಎಣ್ಣೆಗೆ ಸುಮಾರು ಒಂದೂವರೆ ಕೆಜಿ ಕೊಬ್ಬರಿ ಬೇಕು. ಆಗ ಕೊಬ್ಬರಿಯೇ ಕೆಜಿಗೆ 200 ದಾಟಿತ್ತು. ಅಂದರೆ ಬರೀ ಕೊಬ್ಬರಿಗೇ 300 ಆಯಿತು. ಮೇಲೆ ಗಾಣದ ಕೂಲಿ, ಕರೆಂಟು, ಸಾಗಾಟ. ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಮಾರಿದರೂ 250ಕ್ಕೆ ಕೊಡಲು ಯಾರಿಗೂ ಆಗುವುದಿಲ್ಲ, ಅಲ್ವಾ? ಪೇಟೆಯ ಗಾಣದವರು ಜಾಸ್ತಿ ಹೇಳುತ್ತಾರೆ ಅಂತ ನಾನು ಸುಮ್ನೆ ಬೈದುಕೊಂಡಿದ್ದೆ. ಅವರ ರೇಟೇ ನ್ಯಾಯದ್ದು.

ಈಗ ಎಲ್ಲಿ ಕೊಂಡರೂ ಆ ದಿನದ ಕೊಬ್ಬರಿ ರೇಟು ಕೇಳಿ, ಒಂದೂವರೆ ಪಟ್ಟು ಮಾಡಿ ನೋಡುತ್ತೇನೆ. ಲೇಬಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್, ಲೀಟರ್ ಜೊತೆಗೆ ತೂಕ ಎರಡೂ ಇರಬೇಕು. ನನ್ನ ಕ್ಯಾನಿಗೆ ಲೇಬಲ್ಲೇ ಇರಲಿಲ್ಲ. ಚಳಿಗಾಲ ಅಲ್ಲದಿದ್ದರೆ ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಬೇರೆ ಎಣ್ಣೆ ಇದ್ದರೆ ಪದರವಾಗಿ ಬೇರೆ ನಿಲ್ಲುತ್ತದೆ. ಪೂರ್ತಿ ಗಟ್ಟಿಯಾದರೂ ಶುದ್ಧ ಅಂತ ಕಣ್ಣುಮುಚ್ಚಿ ನಂಬಬೇಡಿ, ತಾಳೆಬೀಜದ ಎಣ್ಣೆಯೂ ಗಟ್ಟಿಯಾಗುತ್ತದೆ. ಬಿಲ್ ಮಾತ್ರ ಬಿಡಲೇಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದರೆ ನನ್ನ ಹತ್ತಿರ ಅಂಗಡಿಯ ಹೆಸರೂ ಇಲ್ಲ, ಒಂದು ಚೀಟಿಯೂ ಇಲ್ಲ.

ಮೊನ್ನೆ ಬನವಾಸಿ ರಸ್ತೆಯಲ್ಲಿ ಅಂಥದ್ದೇ ಗಾಡಿ ನಿಂತಿತ್ತು. ಸುತ್ತ ಏಳೆಂಟು ಹೆಂಗಸರು ಕ್ಯಾನ್ ಹಿಡಿದು ನಿಂತಿದ್ದರು. ನಾನು ಬಸ್ಸಿನಲ್ಲಿದ್ದೆ, ಇಳಿದು ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.