ಬೇರಿಯಾಟ್ರಿಕ್ ಕಿಟ್‌ನಲ್ಲಿ ‘ಎಲ್ಲವೂ ಇದೆ’ ಎಂದರೆ ನಂಬಬೇಡಿ, ಕಬ್ಬಿಣ ಎಷ್ಟಿದೆ ಎಂದು ಕೇಳಿ

ತೂಕ ಇಳಿಸಲು ಹೊಟ್ಟೆಗೆ ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು, ಅಂದರೆ ಗ್ಯಾಸ್ಟ್ರಿಕ್ ಬೈಪಾಸ್ ಅಥವಾ ಸ್ಲೀವ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳಲು ಹೊರಟವರು, ಅದರಲ್ಲೂ ಇನ್ನೂ ಮುಟ್ಟು ನಿಲ್ಲದ ಹೆಣ್ಣುಮಕ್ಕಳು ಇದನ್ನು ದಯವಿಟ್ಟು ಓದಬೇಕು. ನನಗೆ ಬೈಪಾಸ್ ಮಾಡಿದ್ದು ಬೆಂಗಳೂರಿನ ಒಂದು ಖಾಸಗಿ ಕೇಂದ್ರ. ಶಸ್ತ್ರಚಿಕಿತ್ಸೆಯ ಬಗ್ಗೆ ನನಗೆ ದೂರಿಲ್ಲ; ಗಾಯ ಮಾಯಿತು, ತೂಕ ಇಳಿಯಿತು, ಸಕ್ಕರೆ ಕಾಯಿಲೆಯ ಮಾತ್ರೆಯೂ ಕಡಿಮೆಯಾಯಿತು. ನನ್ನ ಸಿಟ್ಟೆಲ್ಲ ಅದರ ನಂತರ ಅವರು ನನಗೆ ಮಾರಿದ ಡಬ್ಬಿಗಳ ಮೇಲೆ.

ಡಿಸ್ಚಾರ್ಜ್ ಮಾಡುವಾಗ ಡಯಟಿಷಿಯನ್ ಒಂದು ಕಿಟ್ ಕೈಗಿತ್ತರು. ಅಗಿದು ತಿನ್ನುವ ಹಣ್ಣಿನ ರುಚಿಯ ವಿಟಮಿನ್ ಗಮ್ಮಿಗಳು, ಕ್ಯಾಲ್ಸಿಯಂ ಮಾತ್ರೆ, ಪ್ರೋಟೀನ್ ಪುಡಿ. ಬೆಲೆ ನಮ್ಮ ಮನೆಯ ತಿಂಗಳ ದಿನಸಿಗಿಂತ ಹೆಚ್ಚು. ಹೆರಿಗೆಯ ಕಾಲದಿಂದಲೂ ನನಗೆ ರಕ್ತ ಕಡಿಮೆ ಇರುವುದರಿಂದ, ಐರನ್ ಮಾತ್ರೆ ಬೇರೆ ತೆಗೆದುಕೊಳ್ಳಬೇಕೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. “ಇದರಲ್ಲಿ ಎಲ್ಲವೂ ಇದೆ ಮೇಡಂ, ಹೊರಗಿನ ಮಾತ್ರೆ ಯಾವುದೂ ಬೇಡ” ಎಂದರು. ಮತ್ತೊಮ್ಮೆ ಕೇಳಿದ್ದಕ್ಕೆ, “ಎಲ್ಲವೂ ಇದೆ ಎಂದೆನಲ್ಲ” ಎಂದು ನಕ್ಕರು. ಆ ನಗು ಈಗ ನೆನಪಾದರೂ ಮೈ ಉರಿಯುತ್ತದೆ.

ತಿಂಗಳುಗಳು ಕಳೆದಂತೆ ಕೂದಲು ಹಿಡಿಹಿಡಿಯಾಗಿ ಬರತೊಡಗಿತು, ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ. ಫ್ರಿಜ್ಜಿನ ಐಸನ್ನು ಕಟಕಟನೆ ಕಡಿಯುವುದು, ಡಬ್ಬದಿಂದ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುವುದು ಶುರುವಾಯಿತು. ಕಬ್ಬಿಣದ ಕೊರತೆಗೆ ಅದೂ ಒಂದು ಲಕ್ಷಣ ಎಂದು ಆಗ ಯಾರೂ ಹೇಳಿರಲಿಲ್ಲ. ವಾಟ್ಸಾಪ್‌ನಲ್ಲಿ ಬರೆದರೆ ಬಂದ ಉತ್ತರ: “ತೂಕ ಇಳಿಯುವಾಗ ಇದೆಲ್ಲ ಸಹಜ ಮೇಡಂ, ಪ್ರೋಟೀನ್ ಹೆಚ್ಚಿಸಿ.” ಪ್ರೋಟೀನ್ ಹೆಚ್ಚಿಸುವುದೆಂದರೆ ಅವರದೇ ಪುಡಿಯ ಇನ್ನೊಂದು ಡಬ್ಬಿ. ಅದನ್ನೂ ಕೊಂಡೆ.

ಕೊನೆಗೆ ದಾವಣಗೆರೆಯಲ್ಲಿ ನಮ್ಮ ಮನೆಯ ಹತ್ತಿರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8.4, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೇ ರಕ್ತಹೀನತೆ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಬರೀ 6. “ಯಾವ ಐರನ್ ತಗೊಳ್ತಾ ಇದ್ದೀರಮ್ಮ?” ಎಂದರು. ನಾನು ಹೆಮ್ಮೆಯಿಂದಲೇ ಗಮ್ಮಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಹಿಂಬದಿಯ ಸಣ್ಣ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು, ಮತ್ತೆ ಮೊದಲಿನಿಂದ ಓದಿದರು, ಆಮೇಲೆ ಡಬ್ಬಿಯನ್ನು ನನ್ನ ಕಡೆಗೇ ತಿರುಗಿಸಿ, “ನೀವೇ ಹುಡುಕಿ” ಎಂದರು. ಎ ಇದೆ, ಸಿ ಇದೆ, ಡಿ ಇದೆ, ಬಯೋಟಿನ್ ಇದೆ, ಸತು ಇದೆ. ಕಬ್ಬಿಣ ಇಲ್ಲ. ಒಂದು ಮಿಲಿಗ್ರಾಂ ಕೂಡ ಇಲ್ಲ. ಹೊರಗೆ ಕಾಯುತ್ತಿದ್ದ ನನ್ನ ಯಜಮಾನರಿಗೆ ಇದನ್ನು ಹೇಗೆ ಹೇಳುವುದೋ ತಿಳಿಯದೆ, ಔಷಧಿ ಬದಲಾಯಿಸಿದ್ದಾರೆ ಎಂದಷ್ಟೇ ಹೇಳಿ ಮನೆಗೆ ಬಂದೆ.

ಕೇಂದ್ರಕ್ಕೆ ಫೋನ್ ಮಾಡಿದೆ. “ಗಮ್ಮಿಯಲ್ಲಿ ಐರನ್ ಹಾಕಿದರೆ ರುಚಿ ಕೆಡುತ್ತದೆ ಮೇಡಂ, ಯಾರೂ ಹಾಕುವುದಿಲ್ಲ.” ಹಾಗಾದರೆ ಎಲ್ಲವೂ ಇದೆ ಎಂದಿರಲ್ಲ? “ಸಂಪೂರ್ಣ ಪೋಷಣೆ ಎಂದೆವು, ಐರನ್ ಇದೆ ಎಂದು ನಾವು ಎಲ್ಲಿ ಹೇಳಿದೆವು?” ನಾನು ಕೇಳಿದ್ದೇ ಐರನ್ ಬಗ್ಗೆ! ಹಣ ವಾಪಸ್ ಕೇಳಿದ್ದಕ್ಕೆ, ತೆರೆದ ಡಬ್ಬಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. ತೆರೆಯದೆ ತಿನ್ನುವುದು ಹೇಗೆಂದು ಅವರೇ ಹೇಳಬೇಕು.

ಸಮಾಧಾನಕ್ಕೆಂದು ಅವರು ಕಳಿಸಿದ್ದು, ಅದಕ್ಕೂ ಬಿಲ್ ಹಾಕಿ, ‘300 ಮಿ.ಗ್ರಾಂ’ ಎಂದು ದೊಡ್ಡದಾಗಿ ಬರೆದ ಫೆರಸ್ ಗ್ಲುಕೋನೇಟ್ ಮಾತ್ರೆ. ಆ 300 ಇಡೀ ಲವಣದ ತೂಕ. ಅದರಲ್ಲಿರುವ ನಿಜವಾದ ಕಬ್ಬಿಣ, ಅಂದರೆ ಎಲಿಮೆಂಟಲ್ ಐರನ್, ಸುಮಾರು 35 ಮಿ.ಗ್ರಾಂ ಮಾತ್ರ. ಅಮೆರಿಕದ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸಕರ ಸಂಘದ 2016ರ ಮಾರ್ಗಸೂಚಿಯ ಪ್ರಕಾರ ಬೈಪಾಸ್ ಅಥವಾ ಸ್ಲೀವ್ ಆದವರಿಗೆ, ಮುಟ್ಟಾಗುವ ಹೆಂಗಸರಿಗೆ, ದಿನಕ್ಕೆ 45ರಿಂದ 60 ಮಿ.ಗ್ರಾಂ ಎಲಿಮೆಂಟಲ್ ಐರನ್ ಬೇಕು. ಅದೂ ಕೊರತೆ ಬರದಂತೆ ತಡೆಯಲು. ಕೊರತೆ ಬಂದ ಮೇಲೆ ಇನ್ನೂ ಹೆಚ್ಚು. ಸಾಲದೆಂಬಂತೆ ಅವರ ಚೀಟಿಯಲ್ಲಿ ಈ ಮಾತ್ರೆಯನ್ನು ಬೆಳಗಿನ ಕ್ಯಾಲ್ಸಿಯಂ ಜೊತೆಗೇ ನುಂಗಬೇಕೆಂದು ಬರೆದಿತ್ತು. ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ. ಇತ್ತ ಕಬ್ಬಿಣ ಹೆಚ್ಚಾಗಿ ಹೀರಲ್ಪಡುವ ಸಣ್ಣ ಕರುಳಿನ ಮೊದಲ ಭಾಗವನ್ನೇ ಬೈಪಾಸ್‌ನಲ್ಲಿ ಆಹಾರದ ದಾರಿಯಿಂದ ತಪ್ಪಿಸಿರುತ್ತಾರೆ, ಹೊಟ್ಟೆಯ ಆಮ್ಲವೂ ಕಡಿಮೆಯಾಗಿರುತ್ತದೆ. ಇದನ್ನೆಲ್ಲ ಮಾಡಿದವರಿಗೇ ಇದು ಗೊತ್ತಿಲ್ಲವೆಂದರೆ ನಂಬಲು ನಾನು ಸಿದ್ಧಳಿಲ್ಲ.

ಆದ್ದರಿಂದ ಕೊಳ್ಳುವ ಮುನ್ನವೇ ಡಬ್ಬಿ ತಿರುಗಿಸಿ ಎಲಿಮೆಂಟಲ್ ಐರನ್ ಎಷ್ಟು ಮಿ.ಗ್ರಾಂ ಎಂದು ನೋಡಿ, ಅಂಕಿ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಕ್ಯಾಲ್ಸಿಯಂಗೂ ಐರನ್‌ಗೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಕಾಫಿ, ಟೀ ಜೊತೆಗಂತೂ ಬೇಡ. ಗ್ಯಾಸ್ಟ್ರಿಕ್‌, ಎದೆಯುರಿಗೆಂದು ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ, ಅದೂ ಕಬ್ಬಿಣಕ್ಕೆ ಅಡ್ಡಿ. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸರಿಯಿದೆ ಎಂದರೆ ಒಪ್ಪಬೇಡಿ, ಫೆರಿಟಿನ್ ಕೂಡ ಬರೆಸಿಕೊಳ್ಳಿ. ದಾಸ್ತಾನು ಖಾಲಿಯಾಗುವುದು ಮೊದಲು, ಹಿಮೋಗ್ಲೋಬಿನ್ ಬೀಳುವುದು ಆಮೇಲೆ. ನನಗೆ ಮಾತ್ರೆಯಿಂದ ಸಾಕಾಗದೆ ಕೈಗೆ ಡ್ರಿಪ್ ಹಾಕಿ ಐರನ್ ಕೊಡಬೇಕಾಯಿತು. ಆ ಕೇಂದ್ರದವರು ಮಾತ್ರ ಈಗಲೂ ಕಿಟ್ ಮೇಲೆ ರಿಯಾಯಿತಿ ಇದೆ ಎಂದು ಮೆಸೇಜು ಕಳಿಸುತ್ತಲೇ ಇದ್ದಾರೆ.