ಇಬ್ಬರು ಮಕ್ಕಳಿಗೆ ತಿಂಗಳಿಗೆ 6,000: ರಾಯಚೂರಿನ ಒಂದು ಮನೆ ಡೇಕೇರ್

ದೊಡ್ಡವಳಿಗೆ ನಾಲ್ಕು ವರ್ಷ, ಸಣ್ಣವನಿಗೆ ಒಂದೂವರೆ. ನಾನು ಲ್ಯಾಬ್ ಟೆಕ್ನೀಷಿಯನ್, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಡ್ಯೂಟಿ. ಮನೆಯವರದ್ದು ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ, ವಾರವಾರ ಶಿಫ್ಟ್ ಬದಲಾಗುತ್ತದೆ. ಅತ್ತೆಯವರು ಮಾನ್ವಿ ಕಡೆಯ ಹಳ್ಳಿಯಲ್ಲಿದ್ದಾರೆ, ಹಾಸಿಗೆ ಹಿಡಿದ ಮಾವನವರನ್ನು ಬಿಟ್ಟು ಬರುವಂತಿಲ್ಲ. ಹೋದ ನವೆಂಬರ್‌ನಿಂದ ನಿಜಲಿಂಗಪ್ಪ ಕಾಲೊನಿ ಕಡೆ ಒಬ್ಬ ಅಕ್ಕೋರು ತಮ್ಮ ಮನೆಯಲ್ಲೇ ನಡೆಸುವ ಡೇಕೇರ್‌ಗೆ ಮಕ್ಕಳನ್ನು ಬಿಡುತ್ತಿದ್ದೇನೆ. ಎಂಟು ತಿಂಗಳಾಯಿತು, ಈಗ ಧೈರ್ಯವಾಗಿ ಬರೆಯಬಹುದು.

ಇಲ್ಲಿಗೆ ಬರುವ ಮೊದಲು ಬಹಳ ಅಲೆದಿದ್ದೆವು. ಎರಡನೇ ಹೆರಿಗೆಗೂ 26 ವಾರ ಸಂಬಳದ ರಜೆ ಸಿಕ್ಕಿತ್ತು, ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ 2017ರ ತಿದ್ದುಪಡಿಯ ಪುಣ್ಯ. ಅದೇ ತಿದ್ದುಪಡಿಯಲ್ಲಿ 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಲೂ ಇದೆ, ಆದರೆ ನಮ್ಮ ಲ್ಯಾಬಿನಲ್ಲಿರುವುದು ಹದಿನಾರೇ ಜನ. ರಜೆ ಮುಗಿದಾಗ ಮನೆಗೇ ಬಂದು ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಂಡೆವು, 8,000 ಮತ್ತು ಮಧ್ಯಾಹ್ನದ ಊಟ. ಇಬ್ಬರು ಮಕ್ಕಳಿದ್ದರೂ ಒಂದೇ ಸಂಬಳ, ಹಾಗಾಗಿ ಲೆಕ್ಕದಲ್ಲಿ ಅದೇ ಚೆನ್ನಾಗಿ ಕಾಣುತ್ತಿತ್ತು. ಹತ್ತಿ ಬಿಡಿಸುವ ಹಂಗಾಮು ಬಂತು, ಆಕೆ ಊರಿಗೆ ಹೋದರು. ದಿನಗೂಲಿ ಅಲ್ಲೇ ಹೆಚ್ಚು ಬೀಳುತ್ತಿತ್ತು, ನನಗೆ ಸಿಟ್ಟಿಲ್ಲ. ಆದರೆ ಆ ಹನ್ನೊಂದು ದಿನ ನಾನು ರಜೆ ಹಾಕಿ ಸಂಬಳ ಕಳೆದುಕೊಂಡೆ. ಆಮೇಲೆ ಒಂದು ಪ್ಲೇಸ್ಕೂಲ್ ವಿಚಾರಿಸಿದೆವು. ತಲೆಗೆ 4,500, ಅಡ್ಮಿಷನ್ ಬೇರೆ, ಎರಡು ವರ್ಷದೊಳಗಿನವರನ್ನು ತೆಗೆದುಕೊಳ್ಳುವುದೇ ಇಲ್ಲ. ಅಲ್ಲಿಗೆ ಬಿಟ್ಟೆವು.

ದಾರಿ ತೋರಿಸಿದ್ದು ಅಕ್ಕೋರೇ. "ದೊಡ್ಡಾಕಿನ್ನ ಇಡೀ ದಿನ ಇಲ್ಲಿ ಯಾಕ ಇಡ್ತಿ ತಂಗಿ? ಹಿಂದಿನ ಓಣ್ಯಾಗ ಅಂಗನವಾಡಿ ಐತಿ, ಅಲ್ಲಿ ಹಾಕು. ಬಿಟ್ಟಮ್ಯಾಲೆ ನಮ್ಮ ಹುಡುಗಿ ಹೋಗಿ ಕರ್ಕೊಂಡು ಬರ್ತಾಳ" ಅಂದರು. ತಮ್ಮ ಫೀಸು ಕಡಿಮೆಯಾಗುವ ಮಾತನ್ನು ಅವರೇ ಹೇಳಿದರು, ನಾನು ನಂಬಿದ್ದು ಆವತ್ತೇ. ಅಂಗನವಾಡಿಯಲ್ಲಿ ಖರ್ಚಿಲ್ಲ, ಊಟ, ಮೊಟ್ಟೆ ಕೊಡುತ್ತಾರೆ, ಟೀಚರ್ ಕಲಿಸಿದ ಹಾಡನ್ನು ಮಗಳು ರಾತ್ರಿಯೆಲ್ಲ ಹೇಳುತ್ತಾಳೆ. ಮೂರು ವರ್ಷದೊಳಗಿನವರಿಗೆ ಅಲ್ಲಿಂದ ಮನೆಗೆ ಆಹಾರದ ಪೊಟ್ಟಣ ಸಿಗುತ್ತದೆ, ಕೂರಿಸಿಕೊಳ್ಳುವುದಿಲ್ಲ. ಹೀಗಾಗಿ ಸಣ್ಣವನಿಗೆ ಪೂರ್ತಿ ದಿನಕ್ಕೆ 4,000, ದೊಡ್ಡವಳಿಗೆ ಸಂಜೆಯ ಹೊತ್ತಿಗೆ 2,000. ಆಟೋಗೆ 900. ಹಳ್ಳಿಯಲ್ಲಿರುವ ನನ್ನ ತಂಗಿ ನರೇಗಾ ಕೆಲಸಕ್ಕೆ ಹೋಗುವಾಗ ಮಗುವನ್ನು ಪಂಚಾಯಿತಿಯ ಕೂಸಿನ ಮನೆಯಲ್ಲಿ ಬಿಡುತ್ತಿದ್ದಳು. ಅಂಥದ್ದು ನಮ್ಮ ಓಣಿಗೂ ಬಂದರೆ ಎಷ್ಟು ತಾಯಂದಿರು ಉಸಿರಾಡುತ್ತಾರೋ.

ಈ ಡೇಕೇರ್‌ನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ನೋಟ್‌ಬುಕ್. ಒಂದೊಂದು ಮಗುವಿಗೆ ಒಂದೊಂದು, ದಾರ ಕಟ್ಟಿ ಗೋಡೆಯ ಮೊಳೆಗೆ ತೂಗು ಹಾಕಿರುತ್ತಾರೆ. ಮೇ ತಿಂಗಳ ಒಂದು ದಿನ ನನ್ನ ಮಗನದ್ದರಲ್ಲಿ ಹೀಗಿತ್ತು: "11.20 ಬ್ಯಾಳಿಕಟ್ಟು ಅನ್ನ, ನಾಕು ತುತ್ತು. 12.10 ಮಲಗಿದ. 1.00 ಎದ್ದ. ಸಂಡಾಸ 3 ಸಲ, ನೀರು ನೀರು. ಉಚ್ಚಿ ಕಡಿಮಿ." ಮೂರನೇ ಸಲಕ್ಕೇ ನನಗೆ ಫೋನ್ ಮಾಡಿ, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಕಲಸಿ ಚಮಚದಲ್ಲಿ ಕುಡಿಸಲು ಶುರು ಮಾಡಿದ್ದರು. ಸಂಜೆ ಡಾಕ್ಟರು ಆ ಹಾಳೆ ಓದಿ ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲ, 14 ದಿನಕ್ಕೆ ಝಿಂಕ್ ಬರೆದುಕೊಟ್ಟರು. ನಾನು ಮನೆಯಲ್ಲಿದ್ದಿದ್ದರೂ ಉಚ್ಚೆಯ ಲೆಕ್ಕ ಇಟ್ಟಿರುತ್ತಿರಲಿಲ್ಲ.

ಕೊರತೆಗಳೂ ಇವೆ. ಕರೆಂಟ್ ಹೋದರೆ ಇನ್ವರ್ಟರ್‌ನಲ್ಲಿ ಒಂದೇ ಕೋಣೆಯ ಫ್ಯಾನ್ ತಿರುಗುತ್ತದೆ. ನಮ್ಮ ಬಿಸಿಲಿಗೆ ಅದು ಸಾಲದು, ಎಲ್ಲ ಮಕ್ಕಳೂ ಅಲ್ಲೇ ಒತ್ತೊತ್ತಿ ಮಲಗುತ್ತವೆ. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುತ್ತಾರೆ ನಿಜ, ಇನ್ನೊಂದು ಬ್ಯಾಟರಿ ಹಾಕಿಸಿದರೆ ಫೀಸು 200 ಹೆಚ್ಚಿಗೆ ಕೊಡಲು ನಾನು ತಯಾರು. ಮಾಳಿಗೆ ಮೆಟ್ಟಿಲಿಗೆ ಗೇಟ್ ಇರಲಿಲ್ಲ. ಮಗ ಅಂಬೆಗಾಲಿಡುವಾಗ ಹೇಳಿದ್ದಕ್ಕೆ ಎರಡು ವಾರ ತಡವಾಗಿಯಾದರೂ ಕಟ್ಟಿಗೆಯ ಗೇಟ್ ಹಾಕಿಸಿದರು. ಆರೂವರೆ ದಾಟಿದರೆ ಅರ್ಧ ಗಂಟೆಗೆ 50 ರೂಪಾಯಿ. ಮನೆಯವರಿಗೆ ಮಧ್ಯಾಹ್ನದ ಶಿಫ್ಟ್ ಇದ್ದ ವಾರ ನನಗೆ ಎರಡು ಮೂರು ಸಲ ಬೀಳುತ್ತದೆ. ಸಿಸಿಟಿವಿ ಇಲ್ಲ, ಅದು ಬೇಕೇ ಬೇಕು ಅನ್ನುವವರಿಗೆ ಈ ಜಾಗ ಆಗಿಬರುವುದಿಲ್ಲ.

ಹತ್ತು ಮಕ್ಕಳ ಮೇಲೆ ತೆಗೆದುಕೊಳ್ಳುವುದಿಲ್ಲ, ಸದ್ಯ ಒಂಬತ್ತು ಇದ್ದಾರೆ. ನೋಡಲು ಹೋಗುವವರು ಫೋನ್ ಮಾಡದೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೋಗಿ. ಊಟ ಮುಗಿದು ಮಕ್ಕಳನ್ನು ಮಲಗಿಸುವ ಹೊತ್ತು ಅದು. ಚಪ್ಪಲಿ ಹೊರಗೇ ಬಿಟ್ಟು ಮೆಲ್ಲಗೆ ಒಳಗೆ ಹೋಗಿ, ಗೋಡೆಯ ಮೇಲಿನ ಯಾವುದಾದರೂ ಒಂದು ನೋಟ್‌ಬುಕ್ ತೋರಿಸಿ ಅಂತ ಕೇಳಿ.